ಮಳೆ ರಜೆಯ ಲೆಕ್ಕ ಯಾರ ಕೈಯಲ್ಲಿ?

2024ರ ಆಗಸ್ಟ್ 26 ಕೃಷ್ಣ ಜನ್ಮಾಷ್ಟಮಿ. ಗುಜರಾತಿನ ಶಾಲೆಗಳಿಗೆ ಆ ದಿನ ಹೇಗೂ ರಜೆ. ಹಬ್ಬದ ಹೊತ್ತಿಗೇ ವಡೋದರದ ಮೇಲೆ ಮಳೆ ಹೊಯ್ಯತೊಡಗಿತು. ಮಾರನೆಯ ದಿನ ರಾಜ್ಯದ ಎಲ್ಲ ಪ್ರಾಥಮಿಕ ಶಾಲೆಗಳನ್ನು ಮುಚ್ಚುವಂತೆ ಗಾಂಧಿನಗರದಿಂದಲೇ ಸೂಚನೆ ಹೊರಟಿತು. ಒಂದೆರಡು ದಿನಗಳಲ್ಲಿ ವಿಶ್ವಾಮಿತ್ರಿ ನದಿ 25 ಅಡಿಯ ಅಪಾಯದ ಮಟ್ಟ ದಾಟಿ 35 ಅಡಿಗೂ ಮೇಲೇರಿತು. ಅಜ್ವಾ ಜಲಾಶಯದಿಂದ ಬಂದ ನೀರೂ ಊರೊಳಗೆ ಬಿದ್ದ ಮಳೆಯೂ ಸೇರಿ ಬಡಾವಣೆಗಳ ನೆಲಮಹಡಿಗಳು ಮುಳುಗಿದವು. ಸೇನೆ ದೋಣಿ ಇಳಿಸಬೇಕಾಯಿತು. ನದಿಯ ಮೊಸಳೆಗಳು ಮನೆಗಳ ಅಂಗಳಕ್ಕೆ ಬಂದವು. ಅದಕ್ಕೆ ಐದು ವರ್ಷ ಮೊದಲು, 2019ರ ಜುಲೈ 31ರಂದು, ಇದೇ ಊರಿನಲ್ಲಿ ಒಂದೇ ದಿನದಲ್ಲಿ ಇಪ್ಪತ್ತು ಇಂಚಿನ ಆಸುಪಾಸು ಮಳೆ ಬಿದ್ದಾಗಲೂ ಶಾಲೆಗಳು ಬಾಗಿಲು ಹಾಕಿದ್ದವು.

ಇಂಥ ದಿನಗಳಲ್ಲಿ ಶಾಲೆ ಮುಚ್ಚಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಅದರ ನಂತರದ್ದು. ನೀರಿಗೆ ಹೋದ ಆ ದಿನಗಳನ್ನು ಮಕ್ಕಳಿಗೆ ಯಾರು, ಯಾವಾಗ ತುಂಬಿಕೊಡಬೇಕು? ಅದನ್ನು ತೀರ್ಮಾನಿಸುವ ಅಧಿಕಾರ ಯಾರದು? ಕರಾವಳಿಯಿಂದ ಬಂದು ಗುಜರಾತಿನಲ್ಲಿ ನೆಲೆ ನಿಂತ ನಮ್ಮಂಥ ಮನೆಗಳಿಗೆ ಈ ಪ್ರಶ್ನೆ ಎರಡೂ ಕಡೆಯಿಂದ ಎದುರಾಗುತ್ತದೆ. ಇಲ್ಲಿ ನಮ್ಮ ಮಕ್ಕಳಿಗೆ ಮಳೆ ರಜೆ, ಊರಿನಲ್ಲಿ ಅಣ್ಣತಮ್ಮಂದಿರ ಮಕ್ಕಳಿಗೂ ಮಳೆ ರಜೆ. ಎರಡೂ ಕಡೆ ರಜೆ ಕೊಡುವವರು ಯಾರೆಂದು ಗೊತ್ತು. ಹೋದ ಪಾಠಕ್ಕೆ ಹೊಣೆ ಯಾರದೆಂದು ಕೇಳಿದರೆ ಉತ್ತರ ತಡವರಿಸುತ್ತದೆ.

ಮಕರಪುರವನ್ನೇ ತೆಗೆದುಕೊಳ್ಳಿ. ವಡೋದರದ ದಕ್ಷಿಣಕ್ಕಿರುವ ಈ ಭಾಗದಲ್ಲಿ ಗಾಯಕವಾಡರ ಬೇಸಿಗೆ ಅರಮನೆಯಿದೆ, ಅದೀಗ ವಾಯುಪಡೆಯ ವಶದಲ್ಲಿದೆ. ಪಕ್ಕದಲ್ಲಿ ಜಿಐಡಿಸಿ ಕೈಗಾರಿಕಾ ವಸಾಹತು. ವಾಯುಪಡೆಯವರ ಮಕ್ಕಳು ಕೇಂದ್ರೀಯ ವಿದ್ಯಾಲಯಕ್ಕೆ ಹೋಗುತ್ತಾರೆ. ಅಲ್ಲಿನ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ರಜೆಯ ಪಟ್ಟಿ ದೆಹಲಿಯ ಸಂಘಟನೆಯಿಂದ ಬರುತ್ತದೆ. ಕಾರ್ಖಾನೆಗಳಲ್ಲಿ ಪಾಳಿ ದುಡಿಯುವವರ ಮಕ್ಕಳು ಮಹಾನಗರಪಾಲಿಕೆಯ ಶಾಲೆಗೆ ಹೋಗುತ್ತಾರೆ. ಅದನ್ನು ನಡೆಸುವುದು ನಗರ ಪ್ರಾಥಮಿಕ ಶಿಕ್ಷಣ ಸಮಿತಿ, ಅದರ ಅಧಿಕಾರಿಗೆ ಶಾಸನಾಧಿಕಾರಿ ಎಂದು ಹೆಸರು. ಗುಜರಾತ್ ಬೋರ್ಡಿನ ಖಾಸಗಿ ಶಾಲೆಗಳಿಗೆ ಜೂನ್‌ನಲ್ಲಿ ವರ್ಷಾರಂಭ, ದೀಪಾವಳಿಗೆ 21 ದಿನ ರಜೆ, ಬೇಸಿಗೆಗೆ 35 ದಿನ. ಆ ಪಟ್ಟಿ ಗಾಂಧಿನಗರದ್ದು. ಒಂದೇ ಅಪಾರ್ಟ್‌ಮೆಂಟಿನ ಮೂರು ಮಹಡಿಗಳ ಮಕ್ಕಳು ಮೂರು ಬೇರೆ ಬೇರೆ ಕ್ಯಾಲೆಂಡರಿನಲ್ಲಿ ಬದುಕುತ್ತಾರೆ. ಮಳೆ ಬಂದಾಗ ಮಾತ್ರ ಜಿಲ್ಲಾಧಿಕಾರಿಯೋ ಸರ್ಕಾರವೋ ಒಂದೇ ಮಾತಿನಲ್ಲಿ ಮೂವರನ್ನೂ ಮನೆಯಲ್ಲಿ ಕೂರಿಸುತ್ತದೆ. ಮಳೆ ನಿಂತ ಮೇಲೆ ಮತ್ತೆ ಮೂವರದೂ ಮೂರು ದಾರಿ.

ಈ ಮೂರೂ ದಾರಿಗಳ ತುದಿಯಲ್ಲಿ ಒಂದು ಗೋಡೆಯಿದೆ, ಅದು ಪರೀಕ್ಷೆ. 2025ರಲ್ಲಿ ಸಿಬಿಎಸ್‌ಇ ಬೋರ್ಡ್ ಪರೀಕ್ಷೆ ಫೆಬ್ರುವರಿ 15ಕ್ಕೆ ಆರಂಭವಾಯಿತು, ಗುಜರಾತ್ ಬೋರ್ಡಿನದು ಫೆಬ್ರುವರಿ 27ಕ್ಕೆ, ಕರ್ನಾಟಕದ ಎಸ್ಸೆಸ್ಸೆಲ್ಸಿ ಮಾರ್ಚ್ 21ಕ್ಕೆ. ಆಗಸ್ಟಿನಲ್ಲಿ ವಾರವಿಡೀ ಶಾಲೆ ಮುಳುಗಿದ್ದರೂ ಈ ತಾರೀಕು ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ಹೀಗಾಗಿ ಶಾಲೆಯ ಕ್ಯಾಲೆಂಡರನ್ನು ಆಳುವವರು ಯಾರೆಂದು ಕೇಳಿದರೆ ನಾನು ಮೊದಲು ಬೆರಳು ತೋರಿಸುವುದು ಪರೀಕ್ಷಾ ಮಂಡಳಿಯತ್ತ. ಉಳಿದವರು ಆ ಗೋಡೆಯಿಂದ ಹಿಂದಕ್ಕೆ ಎಣಿಸಿಕೊಂಡು ಬರುತ್ತಾರೆ. ಹತ್ತನೇ ತರಗತಿಯ ಮಗುವಿಗೆ ಮಳೆ ರಜೆಯ ಬದಲಿ ಪಾಠ ಹೇಗೋ ಸಿಗುತ್ತದೆ. ಫಲಿತಾಂಶದ ಭಯ ಶಾಲೆಗೇ ಇರುತ್ತದೆ. ಮೂರನೇ ತರಗತಿಯ ಮಗುವಿಗೆ ಅಂಥ ಕಾವಲು ಇಲ್ಲ. ಕೂಡುವುದು, ಕಳೆಯುವುದು ಕಲಿಯುವ ವಾರ ನೀರಿಗೆ ಹೋದರೆ ಅದನ್ನು ಹಿಂತಿರುಗಿ ಕೇಳುವವರು ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಬಿಡಿಸಿ ನೋಡಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಇದು ಹಲವರಿಗೆ ಗೊತ್ತು. ಅದೇ ಕಾಯ್ದೆಯ ಒಂಬತ್ತನೇ ಕಲಮಿನಲ್ಲಿ ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳ ಪಟ್ಟಿಯಿದೆ. ಆ ಪಟ್ಟಿಯ ಕೊನೆಯ ಸಾಲು, ಶೈಕ್ಷಣಿಕ ಕ್ಯಾಲೆಂಡರನ್ನು ತೀರ್ಮಾನಿಸುವುದು. ಸ್ಥಳೀಯ ಪ್ರಾಧಿಕಾರ ಎಂದರೆ ಮಹಾನಗರಪಾಲಿಕೆ, ನಗರಸಭೆ, ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ ಇಂಥವು. ಶಾಲೆ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಆ ಊರಿನ ಮಳೆ, ಬಿಸಿಲು, ಸುಗ್ಗಿ, ಜಾತ್ರೆ ಬಲ್ಲವರ ಕೈಯಲ್ಲಿರಲಿ ಎಂದು ಸಂಸತ್ತು ಬರೆದಿಟ್ಟಿದೆ. ಹದಿನೈದು ವರ್ಷ ಕಳೆದರೂ ಆ ಸಾಲು ಜೀವ ಪಡೆದಿಲ್ಲ. ಕರ್ನಾಟಕದಲ್ಲಿ ವಾರ್ಷಿಕ ಮಾರ್ಗಸೂಚಿ ಬೆಂಗಳೂರಿನಿಂದ ಇಳಿಯುತ್ತದೆ. ಬೀದರಿನ ಬಿಸಿಲಿಗೂ ಆಗುಂಬೆಯ ಮಳೆಗೂ ಅದೇ ಹಾಳೆ. ಜಿಲ್ಲಾ ಪಂಚಾಯಿತಿಯನ್ನು ಕೇಳೋಣವೆಂದರೆ, ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಅಲ್ಲಿ ಕೂರುವುದು ಆಡಳಿತಾಧಿಕಾರಿ. ಊರಿನ ಮಾತು ಆಡಬೇಕಾದ ಕುರ್ಚಿ ಖಾಲಿ ಉಳಿದಿದೆ.

ವಡೋದರದಲ್ಲಿ ನಿಂತು ಇದನ್ನು ಬರೆಯುವಾಗ ಮೂರನೇ ಸಯಾಜಿರಾವ್ ಗಾಯಕವಾಡರ ನೆನಪಾಗದೆ ಇರದು. ಅವರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿ ನೋಡಿ, 1906ರಲ್ಲಿ ಇಡೀ ಬರೋಡ ಸಂಸ್ಥಾನಕ್ಕೆ ವಿಸ್ತರಿಸಿದರು. ಮಕ್ಕಳನ್ನು ಕಳಿಸದ ತಂದೆತಾಯಿಗೆ ದಂಡ ಹಾಕುವ ಕಾನೂನು ಅದು. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಶಿಕ್ಷಣದ ಮಸೂದೆಗಾಗಿ ವಾದಿಸುವಾಗ ಬರೋಡವನ್ನೇ ಮಾದರಿಯಾಗಿ ಮುಂದಿಟ್ಟರು. ಮಗು ಶಾಲೆಗೆ ಬರಲೇಬೇಕು ಎಂದು ಸರ್ಕಾರ ಹೇಳಿದ ಕ್ಷಣದಿಂದ ಅದಕ್ಕೆ ಎದುರಾಗಿ ಒಂದು ಹೊಣೆ ಹುಟ್ಟುತ್ತದೆ: ಬಂದ ಮಗುವಿಗೆ ಇಷ್ಟು ದಿನ, ಇಷ್ಟು ಪಾಠ ಕೊಡಲೇಬೇಕು. ಶಾಲೆಯ ದಿನಗಳ ಲೆಕ್ಕ ಮಗುವಿನ ಹಕ್ಕಿನ ಲೆಕ್ಕ. ಆಡಳಿತದ ಅನುಕೂಲಕ್ಕೆ ಅದನ್ನು ಎಳೆದಾಡಬಾರದು.

ಹಾಗೆ ಎಳೆದಾಡಿದ ಒಂದು ಪ್ರಸಂಗವನ್ನು ಗುಜರಾತ್ ಕಂಡಿದೆ. 2018ರಲ್ಲಿ ರಾಜ್ಯ ಸರ್ಕಾರ ಶಾಲಾ ಕಾಲೇಜುಗಳಿಗೆ ನವರಾತ್ರಿ ರಜೆ ಎಂದು ಹೊಸದಾಗಿ ಒಂದು ವಾರಕ್ಕೂ ಮಿಕ್ಕಿದ ಬಿಡುವು ಘೋಷಿಸಿತು. ರಾತ್ರಿಯಿಡೀ ಗರ್ಬಾ ಆಡುವ ನಾಡಿನಲ್ಲಿ ಇದು ಎಲ್ಲರಿಗೂ ಹಿತವೆನಿಸೀತು ಎಂಬ ಎಣಿಕೆ ಇದ್ದಿರಬಹುದು. ಆದರೆ ಆ ದಿನಗಳನ್ನು ದೀಪಾವಳಿಯ ರಜೆಯಿಂದ ಕತ್ತರಿಸಬೇಕಾಯಿತು. ಅಲ್ಲಿಗೆ ಸೂರತ್ ಸಿಡಿದೆದ್ದಿತು. ಸೂರತ್‌ನ ವಜ್ರ ಕಾರ್ಖಾನೆಗಳು ದೀಪಾವಳಿಗೆ ವಾರಗಟ್ಟಲೆ ಮುಚ್ಚುತ್ತವೆ. ವಜ್ರ ಸಾಣೆ ಹಿಡಿಯುವ ಕುಟುಂಬಗಳು ಆಗ ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಹೋಗುತ್ತವೆ. ಶಾಲೆ ತೆರೆದಿದ್ದರೂ ಮಕ್ಕಳು ಇರುವುದಿಲ್ಲ. ಅಲ್ಲಿನ ಖಾಸಗಿ ಶಾಲೆಗಳು ನವರಾತ್ರಿ ರಜೆಯನ್ನು ವಿರೋಧಿಸಿದವು. ಮರುವರ್ಷ, 2019ರಲ್ಲಿ, ಸರ್ಕಾರ ಅದನ್ನು ಕೈಬಿಟ್ಟಿತು. ಗಾಂಧಿನಗರದಲ್ಲಿ ಕೂತವರಿಗೆ ಕಾಣದ ಸೂರತ್‌ನ ಬದುಕು ಸೂರತ್‌ನ ಶಾಲೆಗಳಿಗೆ ಕಂಡಿತ್ತು. ಕಾಯ್ದೆಯ ಒಂಬತ್ತನೇ ಕಲಮಿನ ಅರ್ಥ ಇಷ್ಟೇ.

ಈಗ ಊರಿನ ಕಡೆ ಬರೋಣ. ಜೂನ್ ಮೊದಲ ವಾರ ಮುಂಗಾರು ದಕ್ಷಿಣ ಕನ್ನಡ, ಉಡುಪಿ, ಕೊಡಗನ್ನು ಹಿಡಿಯುತ್ತದೆ. ಹವಾಮಾನ ಇಲಾಖೆ ದಿನಕ್ಕೆ 64.5 ಮಿಲಿಮೀಟರ್ ದಾಟುವ ಮಳೆಯನ್ನು ಭಾರಿ ಎನ್ನುತ್ತದೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅದಕ್ಕೂ ಮೇಲಿನದು. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳಿಗೆ ಈ ಅಂಕಿಗಳೇ ಆಧಾರ. ಸಂಜೆ ಕೆಂಪು ಎಚ್ಚರಿಕೆ ಬಂತೆಂದರೆ ಮನೆಮನೆಗಳಲ್ಲಿ ಒಂದೇ ಮಾತು: ಡಿಸಿ ರಜೆ ಕೊಟ್ರಾ? ಜಿಲ್ಲಾಧಿಕಾರಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಕೊಟ್ಟ ಆ ಅಧಿಕಾರದಿಂದ ಅವರು ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ರಜೆ ಸಾರುತ್ತಾರೆ. ಕೆಲವೊಮ್ಮೆ ತಾಲ್ಲೂಕಿನ ಮಟ್ಟಿಗೆ ತಹಶೀಲ್ದಾರರೋ ಬಿಇಒ ಅವರೋ ನಿರ್ಧರಿಸುವುದುಂಟು. ಆದೇಶ ರಾತ್ರಿ ಬರಬಹುದು, ಬೆಳಿಗ್ಗೆ ಮಕ್ಕಳು ಚೀಲ ಹೆಗಲಿಗೇರಿಸುವಾಗಲೂ ಬರಬಹುದು. ಹಳೆಯ ಆದೇಶಕ್ಕೆ ಹೊಸ ತಾರೀಕು ಅಂಟಿಸಿದ ನಕಲಿ ಪ್ರಕಟಣೆಗಳೂ ಮೊಬೈಲುಗಳಲ್ಲಿ ಓಡಾಡುತ್ತವೆ.

ಈ ರಜೆಗಳನ್ನು ಕುರಿತು ಹಗುರವಾಗಿ ಮಾತಾಡುವವರಿದ್ದಾರೆ. ನಮ್ಮ ಕಾಲದಲ್ಲಿ ಗೊರಬೆ ಹಾಕಿಕೊಂಡು ಹೊಳೆ ದಾಟಿ ಹೋಗುತ್ತಿದ್ದೆವು, ಈಗಿನ ಮಕ್ಕಳಿಗೆ ಹನಿ ಬಿದ್ದರೆ ರಜೆ ಎನ್ನುತ್ತಾರೆ. ಅವರಿಗೆ ನಾನು ನೆನಪಿಸುವುದು 2022ರ ಆಗಸ್ಟ್ ತಿಂಗಳನ್ನು. ಬೈಂದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ತುಂಬಿದ ಹಳ್ಳದ ಪಾಲಾದಳು. ಅಡಿಕೆ ಮರದ ದಬ್ಬೆ, ನಾಲ್ಕು ಕೋಲು, ಹಿಡಿದುಕೊಳ್ಳಲು ಒಂದು ಹಗ್ಗ, ಅಂಥ ಸಂಕಗಳ ಮೇಲೆ ಇಂದಿಗೂ ಮಕ್ಕಳು ನಡೆಯುತ್ತಾರೆ. ಹೊಳೆಯ ಮೇಲೆ ಗಟ್ಟಿ ಸೇತುವೆ ಕಟ್ಟಿಕೊಡುವ ತನಕ ಜಿಲ್ಲಾಧಿಕಾರಿ ಎಷ್ಟು ಮಳೆ ರಜೆ ಕೊಟ್ಟರೂ ನಾನು ಒಂದಕ್ಕೂ ಆಕ್ಷೇಪ ಎತ್ತುವುದಿಲ್ಲ. ಪ್ರಾಣದ ಮುಂದೆ ಪಾಠ ದೊಡ್ಡದಲ್ಲ.

ಆದರೆ ಜಿಲ್ಲಾಧಿಕಾರಿಯ ಕೆಲಸ ಶಾಲೆ ಮುಚ್ಚುವುದರೊಂದಿಗೆ ಮುಗಿಯುತ್ತದೆ. ಅಲ್ಲಿಂದ ಮುಂದಿನದು ಶಿಕ್ಷಣ ಇಲಾಖೆಯ ಪಾಲು. ನೈಸರ್ಗಿಕ ವಿಕೋಪ, ಮುಷ್ಕರ ಮುಂತಾದ ಕಾರಣಕ್ಕೆ ರಜೆ ಕೊಟ್ಟರೆ ಆ ದಿನಗಳನ್ನು ಮುಂದಿನ ರಜಾ ದಿನಗಳಲ್ಲಿ ಶಾಲೆ ನಡೆಸಿ ಸರಿದೂಗಿಸಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ನಮ್ಮ ಕಡೆ ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು. ಮಳೆ ರಜೆ ಹೆಚ್ಚಾದ ವರ್ಷ ಉಪನಿರ್ದೇಶಕರ ಕಚೇರಿಯಿಂದ ಸೂಚನೆ ಬಂದು ಶನಿವಾರಗಳು ಪೂರ್ಣ ದಿನವಾಗುತ್ತವೆ. ಎರಡು ಶನಿವಾರ ಮಧ್ಯಾಹ್ನ ಸೇರಿದರೆ ಒಂದು ದಿನ ತುಂಬಿತೆಂದು ಲೆಕ್ಕ. ಹಾಜರಿ ಪುಸ್ತಕದಲ್ಲಿ ದಿನ ತುಂಬುತ್ತದೆ. ಮಗುವಿನ ತಲೆಯಲ್ಲಿ ಏನು ತುಂಬಿತೆಂದು ನೋಡುವ ವ್ಯವಸ್ಥೆ ಇಲ್ಲ.

ಇಲ್ಲಿ ಅಂಕಿಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಬೇಕು, ಏಕೆಂದರೆ ಇಡೀ ವಿಷಯದ ಗಂಟು ಇಲ್ಲೇ ಇದೆ. ಕರ್ನಾಟಕದ ಶಾಲೆಗಳಿಗೆ ಇತ್ತೀಚಿನ ವರ್ಷಗಳಲ್ಲಿ 240ಕ್ಕೂ ಮಿಕ್ಕಿ ಕರ್ತವ್ಯದ ದಿನಗಳನ್ನು ಗೊತ್ತುಮಾಡಲಾಗುತ್ತದೆ. ಕಾಯ್ದೆ ಕೇಳುವುದು ಹೆಚ್ಚೆಂದರೆ 220. ಹಾಗಾದರೆ ಹತ್ತು ದಿನ ಮಳೆಗೆ ಹೋದರೂ ಕಾನೂನು ಮುರಿಯಿತು ಎನ್ನುವಂತಿಲ್ಲ. ಹಾಗೆಂದು ನಿಟ್ಟುಸಿರು ಬಿಡುವ ಮುನ್ನ ಆ 240ರ ಒಳಗೆ ಇಣುಕಿ ನೋಡಬೇಕು. ಪರೀಕ್ಷೆಗಳಿಗೆ 26 ದಿನ, ಪಠ್ಯೇತರ ಚಟುವಟಿಕೆ, ಸ್ಪರ್ಧೆಗಳಿಗೆ ಇಪ್ಪತ್ತಕ್ಕೂ ಹೆಚ್ಚು, ಮೌಲ್ಯಾಂಕನಕ್ಕೆ 10, ಶಾಲೆಯ ಮಟ್ಟದ ಸ್ಥಳೀಯ ರಜೆಗೆ 4. ಇವೆಲ್ಲ ಕಳೆದು ಬೋಧನೆಗೆ ಉಳಿಯುವುದು 180ರ ಸುತ್ತ. ಮಳೆ ಕಿತ್ತುಕೊಳ್ಳುವುದು ಈ 180ರಿಂದಲೇ. ಪರೀಕ್ಷೆಯ ದಿನ ಮಳೆ ಬಂದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಅದು ಹೋಗಿ ಕೂರುವ ಜಾಗವೂ ಪಾಠದ ದಿನವೇ. ಕರಾವಳಿಯ ಮಗು ಹತ್ತು ದಿನ ಕಳೆದುಕೊಂಡರೆ ಬೋಧನೆಯ ಹದಿನೆಂಟರಲ್ಲಿ ಒಂದು ಪಾಲು ಹೋಯಿತು. ಅದೇ ಪುಸ್ತಕ, ಅದೇ ಪರೀಕ್ಷೆ ಇರುವ ವಿಜಯಪುರದ ಮಗುವಿಗೆ ಈ ನಷ್ಟ ಇಲ್ಲ, ಅದಕ್ಕೆ ಏಪ್ರಿಲ್ ಬಿಸಿಲಿನ ಬೇರೆ ಕಷ್ಟವಿದೆ.

ಕಾಯ್ದೆ ದಿನವನ್ನೂ ಗಂಟೆಯನ್ನೂ ಬೇರೆ ಬೇರೆ ಎಣಿಸಿರುವುದರಲ್ಲಿ ಒಂದು ವಿವೇಕವಿದೆ. ಚಿಕ್ಕ ಮಕ್ಕಳಿಗೆ 200 ದಿನಕ್ಕೆ 800 ಗಂಟೆ, ಎಂದರೆ ದಿನಕ್ಕೆ ನಾಲ್ಕು ಗಂಟೆ ಸಾಕು. ಆರೇಳು ವರ್ಷದ ಮಗುವನ್ನು ಶನಿವಾರ ಮಧ್ಯಾಹ್ನ ಕೂರಿಸಿ ದಿನ ತುಂಬಿಸಬೇಕಾದ ಅಗತ್ಯ ಕಾನೂನಿಗೂ ಇಲ್ಲ, ಮಗುವಿಗೂ ಇಲ್ಲ. ಆ ಮಗುವಿಗೆ ಬೇಕಾದುದು ತಪ್ಪಿಹೋದ ಪಾಠವನ್ನು ಟೀಚರ್ ಮತ್ತೊಮ್ಮೆ ನಿಧಾನವಾಗಿ ಹೇಳಿಕೊಡುವುದು. ಏಳನೆಯ, ಎಂಟನೆಯ ತರಗತಿಯ ಗಣಿತ, ವಿಜ್ಞಾನಕ್ಕೆ ನಿಜಕ್ಕೂ ಹೆಚ್ಚುವರಿ ಗಂಟೆ ಬೇಕಾಗಬಹುದು. ಒಂದನೆಯ ತರಗತಿಗೂ ಹತ್ತನೆಯದಕ್ಕೂ ಒಂದೇ ಸುತ್ತೋಲೆ ಹೊರಡಿಸಿದರೆ ಕಚೇರಿಯ ಕೆಲಸ ಸಲೀಸು, ಕಲಿಕೆಗೆ ಲಾಭ ಸೊನ್ನೆ. ಯಾವ ತರಗತಿಯಲ್ಲಿ ಯಾವ ಪಾಠ ಹಿಂದೆ ಬಿತ್ತು ಎಂದು ಶಾಲೆ ಪಟ್ಟಿ ಮಾಡಲಿ, ಆ ಪಟ್ಟಿಗೆ ತಕ್ಕಂತೆ ಬದಲಿ ಗಂಟೆ ಗೊತ್ತುಮಾಡಲಿ.

ಮಳೆ ರಜೆಯ ಬೆಲೆ ಎಲ್ಲ ಮನೆಗಳಲ್ಲೂ ಒಂದೇ ಅಲ್ಲ. ರಜೆ ಎಂದರೆ ಬಿಸಿಯೂಟ ಇಲ್ಲ, ಅಂಗನವಾಡಿಯ ಆಹಾರ ಇಲ್ಲ. ಮಳೆಗಾಲದ ಮಧ್ಯದಲ್ಲಿ ಕೂಲಿಯೂ ಕಡಿಮೆ. ಶಾಲೆಯ ಒಂದು ಊಟ ತಪ್ಪಿದರೆ ಕೆಲವು ಮನೆಗಳಲ್ಲಿ ಅದು ದಿನದ ಮುಖ್ಯ ಊಟವೇ. ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿಗೆ, ಮಕರಪುರದ ಜಿಐಡಿಸಿಯಲ್ಲಿ ಬೆಳಗಿನ ಪಾಳಿಗೆ ಹೊರಟ ತಾಯಿಗೆ, ಏಳು ಗಂಟೆಗೆ ಬರುವ ರಜೆಯ ಸುದ್ದಿ ಒಂದು ದಿನದ ಸಂಬಳದ ಪ್ರಶ್ನೆ. ಮಗುವನ್ನು ಎಲ್ಲಿ ಬಿಡುವುದು? ಖಾಸಗಿ ಶಾಲೆಗಳು ಅಂದೇ ಮೊಬೈಲಿನಲ್ಲಿ ಪಾಠ ಕಳಿಸುತ್ತವೆ. ಗಾಳಿಮಳೆಗೆ ಕರೆಂಟು, ನೆಟ್‌ವರ್ಕು ಎರಡೂ ಹೋದ ಘಟ್ಟದ ಬುಡದ ಮನೆಗೆ ಅದು ತಲುಪುವುದಿಲ್ಲ.

ಗಡಿಯಾಚೆಯ ಕಾಸರಗೋಡಿನಲ್ಲಿ ಈ ಚರ್ಚೆ ಇನ್ನಷ್ಟು ತೀವ್ರವಾಗಿದೆ. ಅಲ್ಲಿನ ಕನ್ನಡ ಮಾಧ್ಯಮದ ಶಾಲೆಗಳು ಕೇರಳದ ಕ್ಯಾಲೆಂಡರಿಗೆ ಬದ್ಧ. ಮಂಜೇಶ್ವರದಲ್ಲಿ ಸುರಿಯುವ ಮಳೆಯೇ ತಲಪಾಡಿಯಾಚೆ ಸುರಿಯುತ್ತದೆ, ರಜೆ ಕೊಡುವ ಜಿಲ್ಲಾಧಿಕಾರಿಗಳು ಮಾತ್ರ ಇಬ್ಬರು. ಕಾಸರಗೋಡಿನಿಂದ ಮಂಗಳೂರಿಗೆ ಓದಲು ಬರುವ ಹುಡುಗ ಹುಡುಗಿಯರು ಎರಡೂ ಕಡೆಯ ಆದೇಶಕ್ಕೆ ಕಿವಿ ಕೊಡಬೇಕು. 2024-25ರಲ್ಲಿ ಕೇರಳ ಸರ್ಕಾರ 220 ದಿನ ತುಂಬಿಸಲು 25 ಶನಿವಾರಗಳನ್ನು ಶಾಲೆಯ ದಿನಗಳೆಂದು ಸಾರಿತು. ಶಿಕ್ಷಕರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2024ರ ಆಗಸ್ಟ್ ಮೊದಲಲ್ಲಿ ಕೇರಳ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮರುವರ್ಷ ಸರ್ಕಾರ ಇನ್ನೊಂದು ದಾರಿ ಹಿಡಿಯಿತು: ಪ್ರೌಢಶಾಲೆಗಳಿಗೆ ಶುಕ್ರವಾರ ಬಿಟ್ಟು ದಿನಕ್ಕೆ ಅರ್ಧ ಗಂಟೆ ಹೆಚ್ಚು. ಅದು ಬೆಳಗಿನ ಮದರಸಾ ಪಾಠಕ್ಕೆ ಅಡ್ಡಿ ಎಂದು ‘ಸಮಸ್ತ’ ಎಂಬ ಮುಸ್ಲಿಂ ವಿದ್ವಾಂಸರ ಸಂಘಟನೆ ಆಕ್ಷೇಪಿಸಿತು. ಅದರ ಬೆನ್ನಿಗೇ, 2025ರ ಜುಲೈ ಕೊನೆಯಲ್ಲಿ, ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ ಒಂದು ದೊಡ್ಡ ಪ್ರಶ್ನೆಯನ್ನು ಜನರ ಮುಂದಿಟ್ಟರು. ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆಯನ್ನು ಜೂನ್–ಜುಲೈಗೆ, ಎಂದರೆ ಮಳೆಗಾಲಕ್ಕೆ, ಬದಲಾಯಿಸಿದರೆ ಹೇಗೆ?

ಆ ಪ್ರಶ್ನೆಯನ್ನು ಕೇಳಿದ್ದಕ್ಕೇ ನಾನು ಅವರನ್ನು ಮೆಚ್ಚುತ್ತೇನೆ. ಮಳೆಯನ್ನು ಆಕಸ್ಮಿಕ ಎಂದು ಪರಿಗಣಿಸುವುದನ್ನು ನಿಲ್ಲಿಸಿ, ಅದು ಪ್ರತಿ ವರ್ಷ ಬರುವ ಅತಿಥಿ ಎಂದು ಒಪ್ಪಿದ ಮೊದಲ ಮಾತು ಅದು.

ಹಿಮ ಬೀಳುವ ನಾಡುಗಳು ಇದನ್ನು ಬಹಳ ಹಿಂದೆಯೇ ಒಪ್ಪಿವೆ. ಅಮೆರಿಕದ ಹಲವು ರಾಜ್ಯಗಳಲ್ಲಿ ವರ್ಷಕ್ಕೆ 180 ದಿನ ಶಾಲೆ ನಡೆಯಬೇಕೆಂಬ ನಿಯಮವಿದೆ. ಕ್ಯಾಲೆಂಡರನ್ನು ಗೊತ್ತುಮಾಡುವುದು ಹೆಚ್ಚಿನ ಕಡೆ ಆಯಾ ಊರಿನ ಚುನಾಯಿತ ಶಾಲಾ ಮಂಡಳಿ. ಹಿಮಪಾತಕ್ಕೆಂದು ಕೆಲವು ದಿನಗಳನ್ನು ಮೊದಲೇ ಪಟ್ಟಿಯಲ್ಲಿ ಕೂಡಿಸಿಡುವ ಶಾಲೆಗಳು ಅಲ್ಲಿ ಅನೇಕ. ಹಿಮ ಬಿದ್ದರೆ ಆ ದಿನಗಳು ಖರ್ಚು, ಬೀಳದಿದ್ದರೆ ವಸಂತದಲ್ಲಿ ಮಕ್ಕಳಿಗೆ ಮರಳಿ ರಜೆ. ನ್ಯೂಯಾರ್ಕ್ ನಗರ ಹಿಮದ ರಜೆಯ ಬದಲು ಮನೆಯಿಂದಲೇ ಆನ್‌ಲೈನ್ ಪಾಠ ಎಂಬ ನಿಯಮಕ್ಕೆ ಹೋಯಿತು. 2024ರ ಫೆಬ್ರುವರಿ 13ರಂದು ಲಕ್ಷಾಂತರ ಮಕ್ಕಳು ಒಟ್ಟಿಗೆ ಲಾಗಿನ್ ಆಗಲು ಹೋಗಿ ವ್ಯವಸ್ಥೆಯೇ ಕೈಕೊಟ್ಟಿತು. ಅಷ್ಟು ದೊಡ್ಡ, ಶ್ರೀಮಂತ ನಗರಕ್ಕೇ ಹಾಗಾದರೆ ಸುಳ್ಯದ ಕಾಡಂಚಿನ ಶಾಲೆಗೆ ಆನ್‌ಲೈನ್ ಪಾಠವನ್ನು ಪರಿಹಾರವೆಂದು ತೋರಿಸುವುದು ನ್ಯಾಯವಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ದೇಶದಲ್ಲೇ ಹಿಮ ಬೀಳುವ ಪ್ರದೇಶಗಳು ಒಂದೇ ಆಡಳಿತದೊಳಗೆ ಎರಡು ವಲಯ ಮಾಡಿಕೊಂಡಿವೆ. ಹಿಮಾಚಲ ಪ್ರದೇಶದಲ್ಲಿ ಚಳಿಗಾಲಕ್ಕೆ ಮುಚ್ಚುವ ಶಾಲೆಗಳು ಬೇರೆ, ಬೇಸಿಗೆಗೆ ಮುಚ್ಚುವವು ಬೇರೆ. ಕಾಶ್ಮೀರ ಕಣಿವೆಯ ಶಾಲೆಗಳಿಗೆ ದೀರ್ಘ ರಜೆ ಚಳಿಗಾಲದಲ್ಲಿ, ಜಮ್ಮುವಿನ ಬಯಲಿಗೆ ಬೇಸಿಗೆಯಲ್ಲಿ. 2022ರಲ್ಲಿ ದೇಶಕ್ಕೆಲ್ಲ ಒಂದೇ ತೆರನಾಗಿರಲಿ ಎಂದು ಕಣಿವೆಯ ವಾರ್ಷಿಕ ಪರೀಕ್ಷೆಯನ್ನೂ ಮಾರ್ಚ್‌ಗೆ ತಳ್ಳಲಾಯಿತು. ಹಿಮ ಕವಿಯುವ ಮುನ್ನ ಪರೀಕ್ಷೆ ಮುಗಿಸುವ ಅಲ್ಲಿನ ಹಳೆಯ ರೂಢಿ ತಪ್ಪಿತು. 2024ರಲ್ಲಿ ಚುನಾಯಿತ ಸರ್ಕಾರ ಬಂದ ಕೂಡಲೇ ಒಂಬತ್ತನೇ ತರಗತಿಯವರೆಗೆ ನವೆಂಬರ್ ಪದ್ಧತಿಯನ್ನು ಮರಳಿ ತಂದಿತು. ಏಕರೂಪದ ಆಸೆ ಹವಾಮಾನದ ಮುಂದೆ ಎರಡೇ ವರ್ಷ ನಿಂತಿತು.

ಕರ್ನಾಟಕದಲ್ಲಿ ಇಂಥ ಹೊಂದಾಣಿಕೆ ಸಾಧ್ಯವೇ ಇಲ್ಲ ಎನ್ನುವಂತಿಲ್ಲ. ಕ್ರಿಸ್‌ಮಸ್ ರಜೆ ಬೇಕೆಂದು ಕೇಳುವ ಸಂಸ್ಥೆಗಳಿಗೆ ದಸರಾ ರಜೆಯಲ್ಲಿ ಅಷ್ಟು ದಿನ ಕಡಿಮೆ ಮಾಡಿಕೊಂಡು ಅದನ್ನು ಕೊಡಲು ಜಿಲ್ಲಾ ಉಪನಿರ್ದೇಶಕರಿಗೆ ಅವಕಾಶವಿದೆ. ಮಂಗಳೂರಿನ ಕ್ರೈಸ್ತ ಸಂಸ್ಥೆಗಳ ಶಾಲೆಗಳು ಇದನ್ನು ಬಳಸಿಕೊಂಡು ಬಂದಿವೆ. ಕ್ಯಾಲೆಂಡರನ್ನು ಜಿಲ್ಲೆಯ ಮಟ್ಟದಲ್ಲಿ ತಿರುಗಿಸಲು ಬೇಕಾದ ಕೀಲು ಆಗಲೇ ಇದೆ. ಬೇಕಿದ್ದಾಗ ಸರ್ಕಾರವೂ ಕ್ಯಾಲೆಂಡರನ್ನು ರಾತ್ರೋರಾತ್ರಿ ಬದಲಿಸಬಲ್ಲದು. 2025ರ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ತಿರುಗುತ್ತಿದ್ದುದರಿಂದ ಅದೇ ದಿನ ಮುಖ್ಯಮಂತ್ರಿಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಅದರ ಬೆನ್ನಿಗೇ ದೀಪಾವಳಿ. ಕಳೆದ ಪಾಠವನ್ನು ವಿಶೇಷ ತರಗತಿಗಳಿಂದ ತುಂಬುತ್ತೇವೆ ಎಂಬ ಭರವಸೆಯೂ ಬಂತು. ಸಮೀಕ್ಷೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಶಿಕ್ಷಕರನ್ನು ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಬಡ ಮಕ್ಕಳು ಓದುವ ಶಾಲೆಗಳ ದಿನಗಳನ್ನೇ ಆರಿಸಿ ಖರ್ಚು ಮಾಡಿದ್ದು ನನಗೆ ನೋವಿನ ಸಂಗತಿ. ಮಳೆಯದು ಯಾರೂ ತಡೆಯಲಾಗದ ನಷ್ಟ. ಇದು ಕೈಯಾರೆ ಮಾಡಿಕೊಂಡದ್ದು.

ಮಳೆ ಯಾವಾಗ ಹೆಚ್ಚು ಎಂಬುದು ನಮ್ಮಲ್ಲಿ ಗುಟ್ಟಲ್ಲ. ರೈತರ ಪಂಚಾಂಗದಲ್ಲಿ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಮಳೆಗೆ ಹೆಸರಿದೆ, ತಾರೀಕಿದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು ಎಂದರೆ ಏನೆಂದು ತುಳುನಾಡಿನ ಮಗುವಿಗೂ ಗೊತ್ತು. ಕೊಂಕಣ ರೈಲ್ವೆ ಜೂನ್ ನಡುವಿನಿಂದ ಅಕ್ಟೋಬರ್ ತನಕ ಮಳೆಗಾಲದ ಬೇರೆಯೇ ವೇಳಾಪಟ್ಟಿ ಇಟ್ಟುಕೊಂಡಿದೆ. ಘಟ್ಟದ ಮಗ್ಗುಲಲ್ಲಿ ಗುಡ್ಡ ಜರಿಯಬಹುದೆಂದು ರೈಲುಗಳ ವೇಗ ಇಳಿಸಿ, ಸಮಯ ಕೂಡಿಸಿ, ವರ್ಷಕ್ಕೆ ಮೊದಲೇ ಅಚ್ಚು ಹಾಕಿ ಹೇಳುತ್ತದೆ. ವಡೋದರದಿಂದ ಉಡುಪಿ, ಮಂಗಳೂರಿಗೆ ಹೋಗುವ ನಾವೆಲ್ಲ ಅದನ್ನು ನೋಡಿಯೇ ಟಿಕೆಟ್ ಮಾಡಿಸುತ್ತೇವೆ. ಹಳಿಯ ಮೇಲೆ ಓಡುವ ಗಾಡಿಗೆ ಇರುವ ಈ ಮುಂದಾಲೋಚನೆ ಅದೇ ಗುಡ್ಡದ ಕೆಳಗೆ ನಡೆದು ಶಾಲೆಗೆ ಹೋಗುವ ಮಗುವಿಗೆ ಬೇಡವೇ?

ಇಡೀ ಬೇಸಿಗೆ ರಜೆಯನ್ನು ಮಳೆಗಾಲಕ್ಕೆ ಸಾಗಿಸುವುದು ಸುಲಭವಲ್ಲ ಎಂದು ನಾನು ಒಪ್ಪುತ್ತೇನೆ. ಮೇ ತಿಂಗಳಲ್ಲಿ ಕರಾವಳಿಯ ಶಾಲೆಗಳ ಬಾವಿ ಬತ್ತುತ್ತದೆ, ಬಿಸಿಯೂಟಕ್ಕೆ ನೀರಿರುವುದಿಲ್ಲ. ಹೆಂಚಿನ, ಶೀಟಿನ ಮಾಡಿನ ಕೆಳಗೆ ಸೆಕೆ ತಡೆಯದು. ಅಹಮದಾಬಾದ್ 2010ರ ಬಿಸಿಗಾಳಿಗೆ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಮೇಲೆಯೇ 2013ರಲ್ಲಿ ದೇಶದ ಮೊದಲ ಬಿಸಿಗಾಳಿ ಕ್ರಿಯಾ ಯೋಜನೆ ರೂಪಿಸಿತು. ಬಿಸಿಲು ಏನು ಮಾಡಬಲ್ಲದೆಂದು ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಮದುವೆ, ಉಪನಯನ, ಊರಿನ ಕೋಲ, ನೇಮ ಮೇ ತಿಂಗಳಲ್ಲೂ ನಡೆಯುತ್ತವೆ. ಆದ್ದರಿಂದ ನಾನು ಕೇಳುವುದು ಸಣ್ಣ ಬದಲಾವಣೆ. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಉತ್ತರ ಕನ್ನಡ ಮತ್ತು ಮಲೆನಾಡಿನ ತಾಲ್ಲೂಕುಗಳಿಗೆ ಎಂಟು ಹತ್ತು ಮಳೆಯ ದಿನಗಳನ್ನು ವರ್ಷದ ಆರಂಭದಲ್ಲೇ ಪಟ್ಟಿಯಲ್ಲಿ ಸೇರಿಸಿಡಲಿ. ಅದಕ್ಕೆ ಬದಲಾಗಿ ದಸರಾ ರಜೆಯ ಒಂದು ತುದಿಯನ್ನೋ ಬೇಸಿಗೆ ರಜೆಯ ಮೊದಲ ವಾರವನ್ನೋ ಮೊದಲೇ ಗುರುತಿಸಿಡಲಿ. ಮಳೆ ಕಡಿಮೆಯಾಗಿ ಆ ದಿನಗಳು ಉಳಿದರೆ ಮಕ್ಕಳಿಗೇ ಮರಳಲಿ. ರಜೆ ಕೊಡುವ ಅಧಿಕಾರ ಜಿಲ್ಲಾಧಿಕಾರಿಯ ಕೈಯಲ್ಲೇ ಇರಲಿ, ತುಂಬಿಕೊಡುವ ದಿನಗಳನ್ನು ಪಂಚಾಯಿತಿ, ಬಿಇಒ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಕೂತು ಏಪ್ರಿಲ್‌ನಲ್ಲೇ ನಿರ್ಧರಿಸಲಿ.

ಮೊದಲೇ ಹೇಳುವುದರಿಂದ ಏನು ಲಾಭ ಎಂದು ಕೇಳಿದರೆ ಮಕರಪುರದ ಯಾವುದೇ ಕನ್ನಡ ಮನೆಯನ್ನು ಕೇಳಿ. 2024ರ ನವೆಂಬರ್‌ನಿಂದ ರೈಲು ಟಿಕೆಟನ್ನು 60 ದಿನ ಮೊದಲು ಕಾದಿರಿಸಬಹುದು. ದೀಪಾವಳಿಗೆ ಊರಿಗೆ ಹೋಗುವವರು ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಎಂದರೆ ಮಳೆ ರಜೆಗಳು ನಡೆಯುತ್ತಿರುವಾಗಲೇ, ಟಿಕೆಟ್ ಮಾಡಿಸುತ್ತಾರೆ. ಆಮೇಲೆ ರಜೆಯಲ್ಲಿ ಎರಡು ದಿನ ಕಡಿತ ಎಂದರೆ ಆ ಮಗು ಶಾಲೆಗೆ ಬರುವುದಿಲ್ಲ, ಅಜ್ಜಿಯ ಮನೆಯಲ್ಲಿರುತ್ತದೆ. ತಡವಾಗಿ ಗೊತ್ತುಮಾಡಿದ ಬದಲಿ ದಿನ ಹಾಜರಿ ಪುಸ್ತಕದಲ್ಲಿ ಅರ್ಧ ಖಾಲಿ ಉಳಿಯುತ್ತದೆ. ಸೂರತ್‌ನ ವಜ್ರದ ಕುಟುಂಬಗಳು ಹೇಳಿದ್ದೂ ಇದನ್ನೇ.

ಕರ್ನಾಟಕದಲ್ಲಿ ಶಾಲೆಗಳು ಮೇ 29ರ ಸುಮಾರಿಗೆ ತೆರೆಯುತ್ತವೆ, ಅದಕ್ಕೂ ಮೊದಲೇ ಮುಂದಿನ ವರ್ಷದ ಮಾರ್ಗಸೂಚಿ ಸಿದ್ಧವಾಗುತ್ತದೆ. ಕರಾವಳಿಯ ಶಾಸಕರು, ಶಿಕ್ಷಕರ ಸಂಘದವರು, ಎಸ್‌ಡಿಎಂಸಿ ಅಧ್ಯಕ್ಷರು ಈ ಬಾರಿ ಅದು ಅಚ್ಚಾಗುವ ಮುನ್ನವೇ ಎರಡು ಬೇಡಿಕೆ ಇಡಬೇಕು: ಮಳೆಯ ಜಿಲ್ಲೆಗಳಿಗೆ ಪ್ರತ್ಯೇಕ ಪಟ್ಟಿ, ಮತ್ತು ಆ ಪಟ್ಟಿಯನ್ನು ತೀರ್ಮಾನಿಸಲು ಚುನಾಯಿತ ಜಿಲ್ಲಾ ಪಂಚಾಯಿತಿ. ಎರಡನೆಯದು ಆಗುವವರೆಗೆ ಕಾಯಬೇಕಿಲ್ಲ. ಕ್ರಿಸ್‌ಮಸ್ ರಜೆಗೆ ಉಪನಿರ್ದೇಶಕರಿಗೆ ಕೊಟ್ಟಿರುವ ಅವಕಾಶವನ್ನು ಮಳೆಗೂ ವಿಸ್ತರಿಸಲು ಮಾರ್ಗಸೂಚಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು.